ದಾವಣಗೆರೆ ಬಿಸಿಲಲ್ಲಿ 30 ಲೀಟರ್ ಮೀನಿನ ಟ್ಯಾಂಕ್: ನನ್ನ ಅನುಭವ

ನಮ್ಮ ಮನೆಯಲ್ಲಿರುವುದು ಒಂದೂವರೆ ಅಡಿ ಉದ್ದದ ಗಾಜಿನ ಟ್ಯಾಂಕ್. ಹೆಚ್ಚೂಕಮ್ಮಿ 30 ಲೀಟರ್ ನೀರು ಹಿಡಿಯುತ್ತದೆ. ಒಂದು ಬೆಟ್ಟಾ ಮೀನು, ಒಂದಿಷ್ಟು ಪುಟ್ಟ ರಾಸ್ಬೋರಾ ಮೀನುಗಳು, ಗಾಜು ನೆಕ್ಕಿಕೊಂಡು ಓಡಾಡುವ ಬಸವನಹುಳುಗಳು. ಊರು ದಾವಣಗೆರೆ. ಮನೆ ಮೇಲಿನ ಮಹಡಿ, ತಲೆ ಮೇಲೆ ನೇರ ಆರ್‌ಸಿಸಿ. ಏಪ್ರಿಲ್‌ನಲ್ಲಿ ನಮ್ಮ ಹಾಲ್ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಹೊಸದಾಗಿ ಮೀನು ತಂದವರೆಲ್ಲ ಕೇಳುವುದು "ಎಷ್ಟು ಡಿಗ್ರಿ ಇರಬೇಕು" ಅಂತ. ಬೆಟ್ಟಾಗೆ 25ರಿಂದ 28 ಅಂದುಕೊಳ್ಳಿ. ಆದರೆ ನೀರು 29ಕ್ಕೆ ಹೋಗಿ ಅಲ್ಲೇ ನಿಂತರೆ ಮೀನು ಹೇಗೋ ಹೊಂದಿಕೊಳ್ಳುತ್ತದೆ. ಬೆಳಗ್ಗೆ 23, ಸಂಜೆ 30 ಅಂತ ದಿನಾ ಕುಣಿದರೆ ಸೊರಗುತ್ತದೆ. ನೀರು ತಟ್ಟನೆ ತಣ್ಣಗಾದಾಗಲೇ ಬಿಳಿ ಚುಕ್ಕೆ ರೋಗ ಹೆಚ್ಚಾಗಿ ಅಮರಿಕೊಳ್ಳುವುದು. ದೊಡ್ಡ ಟ್ಯಾಂಕಿನಲ್ಲಿ ನೀರು ಜಾಸ್ತಿ, ಬಿಸಿ ಏರುವುದೂ ನಿಧಾನ, ಇಳಿಯುವುದೂ ನಿಧಾನ. ನಮ್ಮದಕ್ಕೆ ಆ ಅನುಕೂಲ ಇಲ್ಲ. ಹಾಗಾಗಿ ನಾನು ನೋಡಿಕೊಳ್ಳುವುದು ಇಷ್ಟೇ: ದಿನದ ಏರಿಳಿತ 2 ಡಿಗ್ರಿ ದಾಟಬಾರದು.

ಏನನ್ನೂ ಕೊಳ್ಳುವ ಮೊದಲು ಒಂದು ಥರ್ಮಾಮೀಟರ್ ತಂದೆ. ಗಾಜಿಗೆ ಅಂಟಿಸುವ ಪಟ್ಟಿ ಬೇಡ, ಅದು ನೀರಿನ ಜೊತೆ ಕೋಣೆಯ ಬಿಸಿಯನ್ನೂ ಸೇರಿಸಿ ತೋರಿಸುತ್ತದೆ. ವೈರಿನ ತುದಿಯನ್ನು ನೀರಿಗೆ ಬಿಡುವ ಡಿಜಿಟಲ್ ಥರ್ಮಾಮೀಟರ್ ಒಳ್ಳೆಯದು. ಬೆಳಗ್ಗೆ ಏಳುತ್ತಲೇ ಒಂದು ಸಲ, ಸಂಜೆ ಒಂದು ಸಲ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದೆ. ಹೊರಗೆ ಬಿಸಿಲು ಜೋರಾಗಿರುವುದು ಮಧ್ಯಾಹ್ನ ಮೂರರ ಹೊತ್ತಿಗೆ. ಆದರೆ ಟ್ಯಾಂಕಿನ ನೀರು ಅತಿ ಬಿಸಿ ಇರುತ್ತಿದ್ದುದು ಸಂಜೆ ಏಳರ ಸುಮಾರಿಗೆ. ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿಯವರೆಗೂ ಕೆಳಗೆ ಝಳ ಬಿಡುತ್ತಲೇ ಇರುತ್ತದೆ. ಮಧ್ಯಾಹ್ನ ಮಾತ್ರ ನೋಡುವವರಿಗೆ ಇದು ತಿಳಿಯುವುದೇ ಇಲ್ಲ.

ಟ್ಯಾಂಕನ್ನು ಕಿಟಕಿ ಪಕ್ಕದಿಂದ ತೆಗೆದು ಒಳಗೋಡೆಗೆ ಸರಿಸಿದೆ. ಕೆಳಗೆ, ಹಿಂದೆ ಥರ್ಮೋಕೋಲ್ ಕೊಟ್ಟೆ. ದೀಪ ಎಲ್‌ಇಡಿ. ಇಷ್ಟಕ್ಕೇ ಏರಿಳಿತ ಅರ್ಧ ಇಳಿಯಿತು, ಖರ್ಚು ಮಾತ್ರ ಏನೂ ಇಲ್ಲ.

ಬೇಸಿಗೆಗೆ ನಿಜವಾದ ಮದ್ದು ಫ್ಯಾನ್. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಅಡಾಪ್ಟರಿಗೆ ಸೇರಿಸಿ, ಟ್ಯಾಂಕಿನ ಅಂಚಿಗೆ ಕ್ಲಿಪ್ ಹಾಕಿ, ಗಾಳಿ ನೀರಿನ ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ನಿಲ್ಲಿಸಿದ್ದೇನೆ. ಮಡಕೆ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ. 100 ಮಿಲಿ ನೀರು ಆವಿಯಾದರೆ ಉಳಿದ 30 ಲೀಟರಿನಿಂದ ಸುಮಾರು 2 ಡಿಗ್ರಿಯಷ್ಟು ಬಿಸಿ ಎಳೆದುಕೊಂಡು ಹೋಗುತ್ತದೆ. ನಮ್ಮ ಒಣ ಹವೆಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರಿನ ಸೆಕೆಯಲ್ಲಿ ಇದೇ ಫ್ಯಾನಿನಿಂದ ಇಷ್ಟು ಕೆಲಸ ಆಗುವುದಿಲ್ಲ, ಅಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ.

ಫ್ಯಾನ್ ಇಟ್ಟರೆ ಮುಚ್ಚಳ ತೆಗೆಯಬೇಕು. ಬೆಟ್ಟಾ ಹಾರುವ ಮೀನು, ಅದಕ್ಕೇ ಸೊಳ್ಳೆ ಪರದೆಯ ತುಂಡೊಂದನ್ನು ಬಿಗಿದಿದ್ದೇನೆ. ಆವಿಯಾದಷ್ಟು ನೀರನ್ನು ಆಗಾಗ ತುಂಬಬೇಕು. ಅದಕ್ಕೆ ಬೋರ್‌ವೆಲ್ ನೀರು ಬೇಡ. ಆವಿಯಾಗುವುದು ಬರೀ ನೀರು, ಉಪ್ಪಿನಂಶ ಟ್ಯಾಂಕಿನಲ್ಲೇ ಉಳಿಯುತ್ತದೆ. ಮೇಲೆ ಮತ್ತೆ ಗಡಸು ನೀರು ಸುರಿದರೆ ಅದು ಏರುತ್ತಲೇ ಹೋಗುತ್ತದೆ. ನಾನು ಫಿಲ್ಟರ್ ಮಾಡಿದ ಆರ್‌ಒ ನೀರನ್ನೇ ಹಾಕುತ್ತೇನೆ.

ಐಸ್ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಅರ್ಧ ಲೀಟರ್ ಐಸ್ ಬಾಟಲಿ ನಮ್ಮ ಟ್ಯಾಂಕನ್ನು ಸುಮಾರು 2 ಡಿಗ್ರಿ ಇಳಿಸುತ್ತದೆ ನಿಜ. ಆದರೆ ಅದು ಕರಗಿದ ಮೇಲೆ ನೀರು ಮತ್ತೆ ಮೇಲಕ್ಕೆ. ನಾವು ತಪ್ಪಿಸಬೇಕು ಅಂತಿರುವ ಕುಣಿತವೇ ಅದು. ಕೈಲಾಗದ ಹೊತ್ತಿಗೆ ಸಣ್ಣ ಬಾಟಲಿ ತೇಲಿಬಿಡಿ, ಅಷ್ಟೇ.

ಡಿಸೆಂಬರ್‌ಗೆ 50 ವ್ಯಾಟ್ ಹೀಟರ್ ಇದೆ. ಅಂಗಡಿಯಲ್ಲಿ "ದೊಡ್ಡದೇ ತಗೊಳ್ಳಿ ಸಾರ್" ಅಂದರು, ನಾನು ಒಪ್ಪಲಿಲ್ಲ. ಹೀಟರಿನ ಥರ್ಮೋಸ್ಟಾಟ್ ಒಂದಲ್ಲ ಒಂದು ದಿನ ಕೈಕೊಡುತ್ತದೆ, ಆನ್ ಆದದ್ದು ಆಫ್ ಆಗುವುದೇ ಇಲ್ಲ. 50 ವ್ಯಾಟ್ ಆದರೆ ಈ ನೀರು ಒಂದು ಡಿಗ್ರಿ ಏರಲು ಮುಕ್ಕಾಲು ಗಂಟೆ ಹತ್ತಿರ ಬೇಕು, ನಮ್ಮ ಕಣ್ಣಿಗೆ ಬೀಳುವಷ್ಟು ಸಮಯ ಸಿಗುತ್ತದೆ. 200 ವ್ಯಾಟ್ ಆದರೆ ಹತ್ತೇ ನಿಮಿಷ. ಹೀಟರನ್ನು ಫಿಲ್ಟರ್ ನೀರು ಬೀಳುವ ಕಡೆಗೆ ಇಡಬೇಕು, ಇಲ್ಲವಾದರೆ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಣ್ಣಗೆ.

ಈಗ ಫ್ಯಾನ್, ಹೀಟರ್ ಎರಡನ್ನೂ ಎಸ್‌ಟಿಸಿ-1000 ಅನ್ನುವ ಸಣ್ಣ ಕಂಟ್ರೋಲರಿಗೆ ಕೊಟ್ಟಿದ್ದೇನೆ. 27 ಅಂತ ಇಟ್ಟು, ವ್ಯತ್ಯಾಸ 1 ಅಂತ ಇಟ್ಟರೆ 26ಕ್ಕೆ ಹೀಟರ್, 28ಕ್ಕೆ ಫ್ಯಾನ್ ತಾನಾಗಿ ಶುರುವಾಗುತ್ತದೆ. ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಅರ್ಥಿಂಗ್ ಇದೆಯಾ ಅಂತ ಕೇಳಿ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳುವುದು ಕಡ್ಡಾಯ.

ನೀರು ಬದಲಿಸುವ ದಿನ ಇಷ್ಟೂ ಶ್ರಮ ಒಂದೇ ಬಕೆಟ್ಟಿನಲ್ಲಿ ಹಾಳಾಗಬಹುದು. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಸ್ನಾನಕ್ಕಾಗುವಷ್ಟು ಬಿಸಿ, ಚಳಿಗಾಲದ ಬೆಳಗ್ಗೆ ಕೈ ಮರಗಟ್ಟುವಷ್ಟು ತಣ್ಣಗೆ. ಹಿಂದಿನ ರಾತ್ರಿಯೇ ಬಕೆಟ್ ತುಂಬಿ ಮೀನಿನ ಟ್ಯಾಂಕಿನ ಪಕ್ಕ ಇಟ್ಟರೆ ಎರಡರ ಬಿಸಿಯೂ ಹತ್ತಿರ ಬರುತ್ತದೆ. ಕಾಲು ಭಾಗಕ್ಕಿಂತ ಜಾಸ್ತಿ ಬದಲಿಸುವುದಿಲ್ಲ. ಹೀಟರ್ ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟೇ ನೀರು ತೆಗೆಯುತ್ತೇನೆ. ಹೀಟರಿನ ಕಾದ ಗಾಜು ನೀರಿನಿಂದ ಹೊರಬಂದರೆ ಒಡೆಯಬಹುದು.

ಕರೆಂಟ್ ಹೋದರೆ? ಚಳಿಗಾಲದಲ್ಲಿ ಕಂಬಳಿ ಹೊದಿಸಿದರೆ ಒಂದೆರಡು ಗಂಟೆ ಚಿಂತೆಯಿಲ್ಲ. ಬೇಸಿಗೆಯಲ್ಲೇ ಎಚ್ಚರ ಬೇಕು. 20 ಡಿಗ್ರಿ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೆಟ್ಟಾ ಮೇಲೆ ಬಂದು ಗಾಳಿ ಕುಡಿದು ಬದುಕುತ್ತದೆ, ರಾಸ್ಬೋರಾಗೆ ಆ ದಾರಿ ಇಲ್ಲ. ಅದಕ್ಕೇ ಫ್ಯಾನ್, ಫಿಲ್ಟರ್ ಎರಡಕ್ಕೂ ಮನೆಯ ಯುಪಿಎಸ್‌ನಿಂದ ಲೈನ್ ಕೊಡಿಸಿದ್ದೇನೆ, ಹೀಟರಿಗೆ ಕೊಟ್ಟಿಲ್ಲ.