ತಾಮ್ರಕ್ಕೆ ಕಿಣ್ವದ ವೇಷ ಹಾಕಿಸಿದ ಮಳೆಗಾಲ

ಬಾಳೆಹೂ ಹೆಚ್ಚಲು ಕುಳಿತರೆ ಅಮ್ಮನ ಪಕ್ಕದಲ್ಲಿ ಮಜ್ಜಿಗೆ ನೀರಿನ ಪಾತ್ರೆ ಇರಲೇಬೇಕು. ಹೆಚ್ಚಿದ್ದು ಆಗಿಂದಾಗ ಅದರೊಳಗೆ ಬೀಳದಿದ್ದರೆ ಪಲ್ಯ ಕಪ್ಪಾಗುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿನ ನಮ್ಮ ಮನೆಯಲ್ಲಿ ಇದನ್ನು ನೋಡುತ್ತಲೇ ಬೆಳೆದೆ. ಆ ಕಪ್ಪಿನ ಹಿಂದೆ ತಾಮ್ರದ ಕೈವಾಡವಿದೆ ಎಂದು ಗೊತ್ತಾದದ್ದು ಮಾತ್ರ ಎಂ.ಎಸ್ಸಿ. ಎರಡನೇ ವರ್ಷದಲ್ಲಿ. ಅಲ್ಲಿಯವರೆಗೆ ನನ್ನ ಪಾಲಿಗೆ ತಾಮ್ರವೆಂದರೆ ಮೈಲುತುತ್ತು. ಮಳೆ ಹಿಡಿಯುವ ಹೊತ್ತಿಗೆ ಅಪ್ಪ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಿಸುತ್ತಾರಲ್ಲ, ಅದು.

ಹೆಚ್ಚಿದ ಬಾಳೆಹೂವಿನಲ್ಲಿ ಕೆಲಸ ಮಾಡುವುದು ತಾಮ್ರವಿರುವ ಆಕ್ಸಿಡೇಸ್ ಕಿಣ್ವಗಳು. ಹೂವಿನಲ್ಲಿರುವ ಫೀನಾಲು ಎಂಬ ಸಂಯುಕ್ತಗಳನ್ನು ಅವು ಗಾಳಿಯ ಆಮ್ಲಜನಕದಿಂದ ಕ್ವಿನೋನ್ ಆಗಿಸುತ್ತವೆ. ಕ್ವಿನೋನುಗಳು ಒಂದಕ್ಕೊಂದು ಹೆಣೆದುಕೊಂಡು ಕಪ್ಪಾಗುತ್ತವೆ. ಮಜ್ಜಿಗೆಯ ಹುಳಿಗೆ ಕಿಣ್ವ ಮಂಕಾಗುತ್ತದೆ. ಇದೇ ಬಳಗದ ಕ್ಯಾಟೆಕಾಲ್ ಆಕ್ಸಿಡೇಸನ್ನು ಸಿಹಿಗೆಣಸಿನಿಂದ ತೆಗೆದು, ಅದರ ಹರಳಿನ ರಚನೆಯನ್ನು 1998ರಲ್ಲಿ ಪ್ರಕಟಿಸಿದರು. ನಡುವೆ ಎರಡು ತಾಮ್ರ, ಒಂದೊಂದನ್ನೂ ಹಿಡಿದುಕೊಂಡ ಮೂರು ಮೂರು ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ‌ಗಳು, ತಾಮ್ರಗಳ ನಡುವಿನ ಅಂತರ ಸುಮಾರು 2.9 ಆಂಗ್‌ಸ್ಟ್ರಾಂ. ಅಷ್ಟು ದೊಡ್ಡ ಪ್ರೋಟೀನನ್ನು ಬದಿಗಿಟ್ಟು ಆ ಜೋಡಿ ತಾಮ್ರವನ್ನು ಮಾತ್ರ ಒಂದು ಸಣ್ಣ ಅಣುವಿನಲ್ಲಿ ಕೂರಿಸುವುದು ನನ್ನ ಪ್ರಾಜೆಕ್ಟ್.

ಕೂರಿಸುವುದು ಕಷ್ಟವಾಗಲಿಲ್ಲ. ಎರಡು ಬದಿಯಲ್ಲಿ ಆಲ್ಡಿಹೈಡ್ ಇರುವ ಒಂದು ಫೀನಾಲನ್ನು ಮೆಥನಾಲಿನಲ್ಲಿ ಕರಗಿಸಿ, ಅದರ ಎರಡು ಪಾಲು ಡೈಅಮೀನ್ ಸೇರಿಸಿ ಒಂದು ತಾಸು ಕುದಿಸಿದೆ. ಲಿಗ್ಯಾಂಡ್, ಅಂದರೆ ತಾಮ್ರವನ್ನು ಹಿಡಿದುಕೊಳ್ಳುವ ಅಣು, ಅರಶಿನಕ್ಕಿಂತ ಗಾಢವಾದ ಬಣ್ಣ ತಳೆಯಿತು. ಫೀನಾಲಿನ ಪ್ರೋಟಾನ್ ತೆಗೆಯಲು ಟ್ರೈಈಥೈಲ್ ಅಮೀನ್ ಎಂಬ ಕ್ಷಾರ ಹಾಕಿ, ತಾಮ್ರದ ನೈಟ್ರೇಟ್ ಸುರಿದರೆ ಕ್ಷಣದಲ್ಲಿ ಕಡು ಹಸಿರು. ಪರ್‌ಕ್ಲೋರೇಟ್ ಲವಣದಿಂದ ಹರಳು ಚೆನ್ನಾಗಿ ಬರುತ್ತದೆ ಎನ್ನುವವರಿದ್ದಾರೆ, ಆದರೆ ಅದು ಸಿಡಿಯುವ ಜಾತಿ. ನನಗೆ ಆ ಧೈರ್ಯವಿರಲಿಲ್ಲ, ಈಗಲೂ ಇಲ್ಲ.

ಹರಳು ಬರಲಿಲ್ಲ. ಜುಲೈ ತಿಂಗಳು, ಕಿಟಕಿಯ ಗಾಜಿನ ಮೇಲೆ ಒಳಗಿನಿಂದಲೂ ನೀರು. ಬೀಕರಿನ ತಳದಲ್ಲಿ ಜಿಗುಟು ಹಸಿರು ಕೂತಿತೇ ಹೊರತು ಒಂದು ಕಾಳು ಹರಳಿಲ್ಲ. ತಾಳ್ಮೆ ತಪ್ಪಿ, ಹೊಸದಾಗಿ ಬೆರೆಸಿದ ಹಸಿರು ದ್ರಾವಣವನ್ನೇ ನೇರವಾಗಿ ಪರೀಕ್ಷೆಗೆ ಇಟ್ಟೆ. ಪರೀಕ್ಷೆಗೆ ಬಳಸುವುದು ಡೈ-ಟರ್ಷಿಯರಿ-ಬ್ಯುಟೈಲ್ ಕ್ಯಾಟೆಕಾಲ್ ಎಂಬ ಫೀನಾಲು. ಅದರ ಕ್ವಿನೋನ್ 400 ನ್ಯಾನೋಮೀಟರ್ ಹತ್ತಿರ ಬೆಳಕು ಹೀರುತ್ತದೆ, ಅಲ್ಲಿ ಗೆರೆ ಏರಿದಷ್ಟೂ ಕೆಲಸ ನಡೆದಿದೆ ಎಂದು ಅರ್ಥ. ನನ್ನ ಗೆರೆ ಏಣಿ ಹಾಕಿದಂತೆ ಏರಿತು. ಆ ಸಂಜೆ ಬಸ್ಸಿನಲ್ಲಿ ಕುಂಬಳೆಯವರೆಗೂ ಒಬ್ಬನೇ ನಗುತ್ತಾ ಬಂದೆ.

ಮರುದಿನ ಪಿಎಚ್.ಡಿ. ಮಾಡುತ್ತಿದ್ದ ಚೇಚಿ (ಮಲಯಾಳದಲ್ಲಿ ಅಕ್ಕ) ಗ್ರಾಫ್ ನೋಡಿ ಕೇಳಿದ್ದು ಒಂದೇ ಮಾತು: "ಬ್ಲಾಂಕ್ ಎಡುತ್ತೋ?" ಬ್ಲಾಂಕ್, ಅಂದರೆ ಹೋಲಿಕೆಗಾಗಿ ತಾಮ್ರವಿಲ್ಲದೆ ಅಳೆಯುವ ದ್ರಾವಣ, ತೆಗೆದಿದ್ದೆ, ಕ್ಯಾಟೆಕಾಲ್ ಮತ್ತು ಮೆಥನಾಲ್ ಮಾತ್ರ ಹಾಕಿ. ನಿನ್ನ ಕುವೆಟ್ಟಿನಲ್ಲಿ (ಬೆಳಕು ಹಾಯಿಸಿ ಅಳೆಯುವ ಸಣ್ಣ ಪಾತ್ರೆ) ಇರುವುದು ಅಷ್ಟೇನಾ ಎಂದರು. ತಾಮ್ರವೊಂದನ್ನು ಬಿಟ್ಟು ಉಳಿದದ್ದೆಲ್ಲ ಇರಬೇಕಿತ್ತು. ಟ್ರೈಈಥೈಲ್ ಅಮೀನ್ ಸೇರಿಸಿ ಮತ್ತೆ ಇಟ್ಟೆ. ನೋಡುತ್ತಿದ್ದಂತೆ ಕುವೆಟ್ ಹಳದಿಗೆ ತಿರುಗಿತು. ಕ್ಷಾರವಿದ್ದರೆ ಕ್ಯಾಟೆಕಾಲ್ ಯಾವ ಕಿಣ್ವದ ಹಂಗೂ ಇಲ್ಲದೆ ಗಾಳಿಗೇ ಉತ್ಕರ್ಷಣೆಯಾಗುತ್ತದೆ. ನಾನು ಕೊಂಡಾಡಿದ ವೇಗದಲ್ಲಿ ಬಹುಪಾಲು ಅದರದ್ದು.

ಸೆಪ್ಟೆಂಬರಿನಲ್ಲಿ ಬಿಸಿಲು ಬಂದ ಮೇಲೆ, ಬಾಯಿಗೆ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಕಟ್ಟಿ ಇಟ್ಟ ಬೀಕರಿನಲ್ಲಿ ಹರಳು ಕಂಡಿತು. ಸಾಸಿವೆಗಿಂತ ಸಣ್ಣದು, ಬೆಳಕಿಗೆ ಹಿಡಿದರೆ ಬಾಟಲಿಯ ಹಸಿರು. ಅದನ್ನು ತೊಳೆದು ಒಣಗಿಸಿ, ಕ್ಷಾರವಿಲ್ಲದೆ ಮತ್ತೆ ಅಳೆದೆ. ಗೆರೆ ಏರಿತು, ನಿಧಾನವಾಗಿ. ನಿಜವಾದ ಕಿಣ್ವ ಎಷ್ಟು ಅಣುಗಳನ್ನು ಬದಲಿಸುತ್ತದೆ ಎಂಬ ಲೆಕ್ಕವನ್ನು ಸೆಕೆಂಡಿಗೆ ಎಣಿಸುತ್ತಾರೆ, ನಮ್ಮಂಥವರ ತಾಮ್ರದ ಸಂಕೀರ್ಣಗಳದ್ದನ್ನು ಗಂಟೆಗೆ. ತರಗತಿಯಲ್ಲಿ ಇದನ್ನು ಯಾರೂ ಒತ್ತಿ ಹೇಳಿರಲಿಲ್ಲ.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ನೈಜ ಕಿಣ್ವ ಆಮ್ಲಜನಕವನ್ನು ಪೂರ್ತಿ ನೀರಾಗಿಸುತ್ತದೆ. ನನ್ನದು? ಪ್ರತಿಕ್ರಿಯೆ ಮುಗಿದ ದ್ರಾವಣಕ್ಕೆ ಆಮ್ಲ ಮತ್ತು ನೀರು ಸೇರಿಸಿ, ಕ್ವಿನೋನನ್ನು ಡೈಕ್ಲೋರೋಮೀಥೇನಿಗೆ ಎಳೆದು, ಉಳಿದ ನೀರಿನ ಪದರಕ್ಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದೆ; ಪೆರಾಕ್ಸೈಡ್ ಇದ್ದರೆ ಅಯೊಡೈಡ್ ಟ್ರೈಅಯೊಡೈಡ್ ಆಗುತ್ತದೆ. 353 ನ್ಯಾನೋಮೀಟರಿನಲ್ಲಿ ಟ್ರೈಅಯೊಡೈಡಿನ ಗುಡ್ಡ ಎದ್ದಿತು. ಈ ಬಾರಿ ತಾಮ್ರ ಬಿಟ್ಟು ಉಳಿದದ್ದೆಲ್ಲ ಹಾಕಿದ ಬ್ಲಾಂಕ್ ಪಕ್ಕದಲ್ಲಿತ್ತು, ಅದರಲ್ಲಿ ಗುಡ್ಡವಿರಲಿಲ್ಲ. ಅಂದರೆ ಹೈಡ್ರೋಜನ್ ಪೆರಾಕ್ಸೈಡ್; ಆಮ್ಲಜನಕ ಅರ್ಧದಾರಿಯಲ್ಲೇ ನಿಂತಿದೆ. ಯಕ್ಷಗಾನದಲ್ಲಿ ವೇಷ ಸರಿಯಾಗಿದ್ದು ಅರ್ಥಗಾರಿಕೆ ಕೈಕೊಟ್ಟಂತೆ. ಇಂಥವನ್ನೂ "ಕಿಣ್ವದ ಅನುಕರಣೆ" ಎಂದೇ ಕರೆಯುತ್ತಾರೆ; ನನಗದು ಸ್ವಲ್ಪ ಹೆಚ್ಚಾಯಿತು ಅನಿಸುತ್ತದೆ. ಪ್ರಾಜೆಕ್ಟ್ ವರದಿಯಲ್ಲಿ ಪೆರಾಕ್ಸೈಡಿನ ಗ್ರಾಫನ್ನು ಅನುಬಂಧಕ್ಕೆ ತಳ್ಳದೆ ಮೊದಲ ಅಧ್ಯಾಯದಲ್ಲೇ ಹಾಕಿದೆ.

ವರದಿ ಮನೆಗೆ ತಂದ ದಿನ ಅಮ್ಮ ಹಸಿರು ಹರಳಿನ ಚಿತ್ರ ನೋಡಿ, "ಇದನ್ನು ಹಾಕಿದರೂ ಬಾಳೆಹೂ ಕಪ್ಪಾಗುತ್ತದಾ?" ಎಂದು ಕೇಳಿದಳು. ಆಗಬಹುದು, ಆದರೆ ಊಟದ ಹೊತ್ತು ಮೀರುತ್ತದೆ ಎಂದೆ.