ವಿಭಾಗದ ಸಂಘ ನಡೆಸುವುದು ಹೇಗೆ? ಮೊದಲು ಲೆಕ್ಕದ ಪುಸ್ತಕ ತನ್ನಿ

ಹೊಸ ಸೆಮಿಸ್ಟರ್ ಶುರುವಾಗಿ ಮೂರ್ನಾಲ್ಕು ವಾರಕ್ಕೆ ಕಾಲೇಜುಗಳಲ್ಲಿ ಸಂಘಗಳ ಉದ್ಘಾಟನೆ ಬರುತ್ತದೆ. ಕನ್ನಡ ಸಂಘ, ವಾಣಿಜ್ಯ ಸಂಘ, ವಿಜ್ಞಾನ ಸಂಘ. ದೀಪ ಹಚ್ಚುತ್ತಾರೆ, ಅತಿಥಿಗೆ ಶಾಲು ಹೊದಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಸಂಘಗಳ ಕಥೆ ಅಲ್ಲಿಗೇ ಮುಗಿಯುತ್ತದೆ.

ತುಮಕೂರಿನಲ್ಲಿ ಓದುವಾಗ ನಾನೂ ಒಂದು ಸಂಘದ ಕಾರ್ಯದರ್ಶಿಯಾಗಿದ್ದೆ. ಪಾಠ ಹೇಳಲು ಬಂದ ಮೇಲೆ ಸಲಹೆಗಾರರ ಕೆಲಸ ವರ್ಷಗಟ್ಟಲೆ ನನ್ನ ಪಾಲಿಗೇ ಬಂತು. ಒಳ್ಳೆಯ ಸಂಘಗಳು ಒಡೆದುಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅತಿಥಿ ಸಿಗದೆ ಒಡೆದದ್ದು ಕಡಿಮೆ. ಜಾಸ್ತಿ ಒಡೆದದ್ದು ದುಡ್ಡಿನ ಲೆಕ್ಕ ಸಿಗದೆ. ಅದಕ್ಕೇ ಇಲ್ಲಿ ಬೇರೆ ಹಂತಗಳನ್ನು ಬೇಗ ಮುಗಿಸಿ, ಲೆಕ್ಕದ ಬಗ್ಗೆ ವಿವರವಾಗಿ ಹೇಳುತ್ತೇನೆ.

ಒಂದು ಹಾಳೆ ನಿಯಮ

ಸಂಘದ ಹೆಸರು, ಯಾರು ಸದಸ್ಯರು, ಚಂದಾ ಎಷ್ಟು, ಪದಾಧಿಕಾರಿಗಳು ಎಷ್ಟು ಜನ, ಸಭೆಗೆ ಕನಿಷ್ಠ ಎಷ್ಟು ಜನ ಬೇಕು, ಹಣ ತೆಗೆಯಲು ಯಾರ ಸಹಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಪ್ರಾಂಶುಪಾಲರ ಅಥವಾ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಫೈಲಿಗೆ ಸೇರಿಸಿ. ಸಂಘವನ್ನು ನೋಂದಣಿ ಮಾಡಿಸಬೇಕಾ ಅಂತ ಪ್ರತಿವರ್ಷ ಯಾರಾದರೂ ಕೇಳುತ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದರೆ ನೋಂದಾಯಿಸಬಹುದು. ಆದರೆ ಆಮೇಲೆ ವರ್ಷವರ್ಷವೂ ಲೆಕ್ಕಪತ್ರ ಸಲ್ಲಿಸುತ್ತಿರಬೇಕು. ಮೂರು ವರ್ಷಕ್ಕೆ ಓದು ಮುಗಿಸಿ ಹೋಗುವವರಿಗೆ ಆ ಹೊರೆ ಬೇಡ.

ಪದಾಧಿಕಾರಿಗಳು

ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತು ಮೂರು ದಶಕ ದಾಟಿದೆ. ಹಾಗಾಗಿ ಆಯ್ಕೆ ತರಗತಿಯೊಳಗೇ ಆಗಬೇಕು. ಕೈ ಎತ್ತಿಸಿ ಆರಿಸಬೇಡಿ. ಪಕ್ಕದವನ ಮುಖ ನೋಡಿಕೊಂಡು ಕೈ ಎತ್ತುವವರೇ ಜಾಸ್ತಿ. ಚೀಟಿಯಲ್ಲಿ ಹೆಸರು ಬರೆಸಿ, ಎಲ್ಲರೆದುರು ಎಣಿಸಿ. ಯಾರು ನಿಲ್ಲಬಹುದು ಅನ್ನುವುದಕ್ಕೆ ಲಿಂಗ್ಡೊ ಸಮಿತಿ ಹೇಳಿದ್ದನ್ನೇ ಇಟ್ಟುಕೊಳ್ಳಿ. ವಿದ್ಯಾರ್ಥಿ ಸಂಘದ ಚುನಾವಣೆಗಳಿಗಾಗಿ ಆ ಸಮಿತಿ ಮಾಡಿದ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿಕೊಂಡಿತು. ಶೇ 75ರಷ್ಟು ಹಾಜರಾತಿ ಇರಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು. ಸಣ್ಣ ಸಂಘಕ್ಕೂ ಈ ಎರಡು ನಿಯಮ ಚೆನ್ನಾಗಿ ಹೊಂದುತ್ತವೆ.

ಅಧ್ಯಕ್ಷರು ಕೊನೆಯ ವರ್ಷದವರಾಗಲಿ. ಖಜಾಂಚಿ ಮಾತ್ರ ಎರಡನೇ ವರ್ಷದವರೇ ಆಗಬೇಕು. ಮುಂದಿನ ವರ್ಷವೂ ಕೈಗೆ ಸಿಗುವ ಒಬ್ಬರಾದರೂ ಇರಬೇಕು ಅಲ್ವಾ? ಖಜಾಂಚಿಯನ್ನು ಆರಿಸುವಾಗ ವಾಣಿಜ್ಯ ಓದಿದವರೇ ಬೇಕು ಅಂತ ಹುಡುಕಬೇಡಿ. ಅವತ್ತಿನದನ್ನು ಅವತ್ತೇ ಬರೆದಿಡುವ ಅಭ್ಯಾಸ ಇದ್ದರೆ ಸಾಕು.

ಲೆಕ್ಕ: ಎಲ್ಲರೂ ಎಡವುವ ಜಾಗ

ಕೆಲವು ವರ್ಷದ ಹಿಂದಿನ ಮಾತು. ನಾನು ನೋಡಿಕೊಳ್ಳುತ್ತಿದ್ದ ಸಂಘದ ಖಜಾಂಚಿ ಪಾವಗಡದ ಕಡೆಯ ಹುಡುಗಿ, ಹಾಸ್ಟೆಲ್‌ನಲ್ಲಿದ್ದಳು. 62 ವಿದ್ಯಾರ್ಥಿಗಳಿಂದ ತಲಾ 200 ರೂಪಾಯಿ, ಒಟ್ಟು 12,400 ಸೇರಿತ್ತು. 41 ಜನ ಅವಳ ಫೋನ್‌ಪೇಗೆ ಹಾಕಿದ್ದರು, ಉಳಿದವರು ಕೈಗೆ ಕೊಟ್ಟಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನೋಡಿದರೆ ಬಿಲ್ಲುಗಳು 8,150ಕ್ಕೆ ಇದ್ದವು, ಕೈಯಲ್ಲಿ 900 ಉಳಿದಿತ್ತು. 3,350 ರೂಪಾಯಿ ಎಲ್ಲಿ ಹೋಯಿತು? ತರಗತಿಯ ಗ್ರೂಪ್‌ನಲ್ಲಿ ಯಾರೋ ಆ ಪ್ರಶ್ನೆ ಹಾಕಿದರು. ಸಂಜೆಯೊಳಗೆ ಅದು ಪ್ರಶ್ನೆಯಾಗಿ ಉಳಿಯಲಿಲ್ಲ, ಆರೋಪವಾಯಿತು. ಮಾರನೇ ದಿನ ಸ್ಟಾಫ್ ರೂಮಿಗೆ ಬಂದವಳು, ‘ಮೇಡಂ, ಅಪ್ಪನಿಗೆ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ’ ಅಂದಳು.

ಫೋನ್ ತೆಗೆದು ನೋಡಿದೆವು. ಸಂಘದ ದುಡ್ಡು, ಅಪ್ಪ ಮೆಸ್ಸಿಗೆ ಕಳಿಸಿದ ದುಡ್ಡು, ರೀಚಾರ್ಜು, ಗೆಳತಿಗೆ ಕೊಟ್ಟ ಸಾಲ ಎಲ್ಲ ಒಂದರೊಳಗೊಂದು ಸೇರಿಹೋಗಿತ್ತು. ಕೊನೆಗೆ ಇಬ್ಬರೂ ಮೈಕ್ ಸೆಟ್ ಅಂಗಡಿಗೆ ಹೋದೆವು. ಅಂಗಡಿಯವರು ಎಣ್ಣೆ ಕಲೆಯ ಸಣ್ಣ ನೋಟ್‌ಬುಕ್ಕು ತೆಗೆದು, ಬೆರಳಿಟ್ಟು ತೋರಿಸಿದರು. ತಾರೀಕು, ಕಾಲೇಜಿನ ಹೆಸರು, ‘ಅಡ್ವಾನ್ಸ್ 1,500.’ ನಾವು ಬರೆದಿರಲಿಲ್ಲ, ಅವರು ಬರೆದಿಟ್ಟಿದ್ದರು. ಅತಿಥಿಯನ್ನು ಕರೆತಂದ ಕಾರಿನ ಡೀಸೆಲ್ 1,200, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತಂದ ಹೂವು, ಹಾರ 650. ಲೆಕ್ಕ ಸರಿಹೋಯಿತು. ಆದರೆ ಆ ಹುಡುಗಿ ಮತ್ತೆ ಸಂಘದ ಯಾವ ಕೆಲಸಕ್ಕೂ ಬರಲಿಲ್ಲ. ಶುರುವಿನಲ್ಲೇ ಅವಳ ಕೈಗೆ ಪುಸ್ತಕ ಕೊಟ್ಟು ಹೇಳಿಕೊಡಬೇಕಿತ್ತು. ಹೇಳಿಕೊಟ್ಟಿರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಪ್ರತಿ ಖಜಾಂಚಿಗೂ ಕೂರಿಸಿಕೊಂಡು ಹೇಳುವುದು ಇಷ್ಟು.

ಒಂದು ಪೈಸೆ ವಸೂಲಿ ಮಾಡುವ ಮುಂಚೆ ಮೂರು ವಸ್ತು ತನ್ನಿ: ನಂಬರ್ ಹಾಕಿದ ರಸೀದಿ ಪುಸ್ತಕ, ಉದ್ದನೆಯ ಗಟ್ಟಿ ರಟ್ಟಿನ ಪುಸ್ತಕ, ಬಿಲ್ಲು ಅಂಟಿಸಲು ಒಂದು ಫೈಲು. ರಸೀದಿ ಪುಸ್ತಕ ತೀರಾ ಅಗ್ಗದ್ದು ಬೇಡ. ಅದರ ಕಾರ್ಬನ್ ಹತ್ತು ರಸೀದಿಗೆ ಸವೆದು, ಕೆಳಗಿನ ಹಾಳೆಯಲ್ಲಿ ಬರೀ ಗೀರು ಉಳಿಯುತ್ತದೆ. ಜೆಲ್ ಪೆನ್ನೂ ಬೇಡ, ಒಂದು ಹನಿ ನೀರು ಬಿದ್ದರೆ ಅಂಕಿ ಹರಡಿಕೊಳ್ಳುತ್ತದೆ. ಸಾದಾ ಬಾಲ್ ಪೆನ್ನೇ ಒಳ್ಳೆಯದು.

ಆಮೇಲೆ ಬ್ಯಾಂಕ್ ಖಾತೆ. ಸಂಘದ ಹೆಸರಿನಲ್ಲಿ ಖಾತೆ ತೆರೆಯಲು ಏನೇನು ಬೇಕು ಅಂತ ಕಾಲೇಜಿನ ಕಚೇರಿಯಲ್ಲೇ ಕೇಳಿ. ಕಾಲೇಜಿನ ಮೂಲಕ ಹೋದರೆ ಅರ್ಧ ಕೆಲಸ ಸಲೀಸು. ಖಜಾಂಚಿ ಮತ್ತು ಸಲಹೆಗಾರರು, ಇಬ್ಬರ ಸಹಿ ಇದ್ದರೆ ಮಾತ್ರ ಹಣ ಹೊರಗೆ ಬರುವಂತಿರಲಿ. ಆ ಖಾತೆಗೇ ಕ್ಯೂಆರ್ ಕೋಡ್ ಸಿಗುತ್ತದಾ ಅಂತಲೂ ವಿಚಾರಿಸಿ. ಸಿಕ್ಕರೆ ಪ್ರಿಂಟ್ ತೆಗೆಸಿ ತರಗತಿಯಲ್ಲಿ ಅಂಟಿಸಿ. ಯಾರ ಸ್ವಂತ ನಂಬರಿಗೂ ಸಂಘದ ದುಡ್ಡು ಹೋಗಬಾರದು. ‘ಈ ಒಂದು ಸಲ ನನ್ನ ನಂಬರಿಗೇ ಹಾಕ್ರೋ’ ಅನ್ನುವ ಮಾತಿನಿಂದಲೇ ಗೋಜಲು ಶುರು. ಖಾತೆ ಆಗುವುದು ತಡವಾದರೆ ನಗದು ತೆಗೆದುಕೊಳ್ಳಿ, ಸಂಜೆ ಎಣಿಸಿ ಕಚೇರಿಯ ಬೀರುವಿನಲ್ಲಿ ಇಡಿಸಿ.

ಉದ್ದನೆಯ ಪುಸ್ತಕದಲ್ಲಿ ಎಡಪುಟ ಬಂದದ್ದಕ್ಕೆ, ಬಲಪುಟ ಹೋದದ್ದಕ್ಕೆ. ಪ್ರತಿ ಸಾಲಿನಲ್ಲಿ ನಾಲ್ಕು ವಿಷಯ: ತಾರೀಕು, ಯಾರು, ಯಾಕೆ, ಎಷ್ಟು. ಬಂದದ್ದಕ್ಕೆ ರಸೀದಿ ನಂಬರ್, ಹೋದದ್ದಕ್ಕೆ ಬಿಲ್ ನಂಬರ್ ಪಕ್ಕದಲ್ಲೇ ಬರಲಿ. ತಪ್ಪಾದರೆ ವೈಟ್ನರ್ ಹಚ್ಚಬೇಡಿ. ಒಂದು ಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಸಣ್ಣ ಸಹಿ ಹಾಕಿ. ವೈಟ್ನರ್ ಹಚ್ಚಿದ ಪುಟ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ.

ಬಿಲ್ಲೇ ಸಿಗದ ಖರ್ಚು ಇದ್ದೇ ಇರುತ್ತದೆ. ಹೂವಿನವರು, ಆಟೋದವರು, ಕುರ್ಚಿ ಹೊತ್ತು ತಂದವರು ಬಿಲ್ ಕೊಡುವುದಿಲ್ಲ. ಅದಕ್ಕೆ ವೋಚರ್ ನೀವೇ ಬರೆಯಿರಿ. ‘ಇಂಥ ದಿನ, ಇಂಥ ಕೆಲಸಕ್ಕೆ, ಇಷ್ಟು ಕೊಟ್ಟೆವು’ ಅಂತ ಬರೆದು, ದುಡ್ಡು ತೆಗೆದುಕೊಂಡವರ ಸಹಿ ಹಾಕಿಸಿ. ಅವರಿಂದ ಸಹಿ ಆಗದಿದ್ದರೆ ಜೊತೆಗೆ ಹೋದ ಇನ್ನೊಬ್ಬ ವಿದ್ಯಾರ್ಥಿ ಸಹಿ ಮಾಡಲಿ. ಖರೀದಿಗೆ ಯಾವತ್ತೂ ಇಬ್ಬರು ಹೋಗಬೇಕು ಅನ್ನುವುದು ಇದಕ್ಕೇ. 5,000 ರೂಪಾಯಿ ಮೀರಿದ ನಗದು ರಸೀದಿಗೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು ಅನ್ನುವುದೂ ನೆನಪಿರಲಿ.

ಎಲ್ಲಕ್ಕಿಂತ ಕಷ್ಟದ್ದು ಮುಂಗಡ. ಊಟದವರಿಗೆ, ಮೈಕಿನವರಿಗೆ, ಶಾಮಿಯಾನದವರಿಗೆ ಕೊಟ್ಟ ಅಡ್ವಾನ್ಸ್ ಕೊನೆಯ ಬಿಲ್ಲಿನಲ್ಲಿ ಕಾಣದೇ ಇರಬಹುದು, ಯಾಕೆಂದರೆ ಕೆಲವರು ಬಾಕಿ ಮೊತ್ತಕ್ಕೆ ಮಾತ್ರ ಬಿಲ್ ಬರೆಯುತ್ತಾರೆ. ನಮ್ಮ 1,500 ಕಳೆದದ್ದೂ ಹೀಗೇ. ಪುಸ್ತಕದ ಹಿಂದಿನಿಂದ ಎರಡು ಪುಟ ಮುಂಗಡಕ್ಕೇ ಬಿಡಿ. ಕೊಟ್ಟ ಕೂಡಲೇ ಬರೆಯಿರಿ, ಬಿಲ್ ಚುಕ್ತಾ ಆದ ದಿನ ಆ ಸಾಲಿಗೆ ಟಿಕ್ ಹಾಕಿ. ಸಂಘದ ಹುಡುಗರೇ ಖರ್ಚಿಗೆ ಅಂತ ತೆಗೆದುಕೊಂಡ ದುಡ್ಡಿಗೂ ಇದೇ ನಿಯಮ. ಮೂರು ದಿನದೊಳಗೆ ಬಿಲ್ಲೋ ದುಡ್ಡೋ ವಾಪಸ್ ಬರಬೇಕು. ಗೆಳೆಯರ ಹತ್ತಿರ ಕೇಳಲು ಸಂಕೋಚ ಅಂತ ಖಜಾಂಚಿ ಸುಮ್ನಿದ್ದರೆ, ನಾಳೆ ಉತ್ತರ ಕೊಡಬೇಕಾದವರು ಅವರೇ.

ಕಾರ್ಯಕ್ರಮ ಮುಗಿದ ವಾರದೊಳಗೆ ಒಂದು ಪುಟದ ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಯಾರಾದರೂ ಕೇಳುವವರೆಗೆ ಕಾಯಬೇಡಿ.

ಸಭೆ

ಸಭೆಯನ್ನು ಸಂಜೆ ಇಡಬೇಡಿ. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯಿಂದ ದಿನಾ ಓಡಾಡುವವರ ಕಣ್ಣು ನಾಲ್ಕು ಗಂಟೆಗೆಲ್ಲ ಬಸ್ಸಿನ ಮೇಲೆ, ಟ್ರೇನಿನ ಮೇಲೆ ಇರುತ್ತದೆ. ಸಂಜೆ ಸಭೆ ಅಂದರೆ ಊರೊಳಗಿನವರು, ಹಾಸ್ಟೆಲ್‌ನವರು ಮಾತ್ರ ಉಳಿಯುತ್ತಾರೆ. ಹಳ್ಳಿಯಿಂದ ಬರುವ ಹುಡುಗಿಯರ ದನಿ ಸಂಘದಲ್ಲಿ ಕೇಳುವುದೇ ಇಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತೈದು ನಿಮಿಷ ಸಾಕು. ತೀರ್ಮಾನವನ್ನು, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಅನ್ನುವುದನ್ನು ಅಲ್ಲೇ ನಡಾವಳಿ ಪುಸ್ತಕಕ್ಕೆ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡೇ ಎದ್ದೇಳಿ.

ಕಾರ್ಯಕ್ರಮ

ಇದು ಎಲ್ಲರಿಗೂ ಬರುತ್ತದೆ, ಎರಡೇ ಮಾತು. ಪ್ಲಾಸ್ಟಿಕ್ ಫ್ಲೆಕ್ಸ್ ಮಾಡಿಸಬೇಡಿ, ರಾಜ್ಯದಲ್ಲಿ 2016ರಲ್ಲೇ ಅದು ನಿಷೇಧವಾಗಿದೆ. ಬಟ್ಟೆಯ ಬ್ಯಾನರ್ ಬರೆಸಿ, ಅದರಲ್ಲಿ ಸಂಘದ ಹೆಸರು ಮಾತ್ರ ಇರಲಿ. ತಾರೀಕು, ಅತಿಥಿಯ ಹೆಸರು ಇಲ್ಲದಿದ್ದರೆ ಐದು ವರ್ಷ ಬಳಸಬಹುದು. ಹೊಳೆಯುವ ಪ್ಲಾಸ್ಟಿಕ್ ನೆನಪಿನ ಕಾಣಿಕೆಯೂ ಬೇಡ, ಅಂಟಿಸಿದ ಅಕ್ಷರ ಅತಿಥಿ ಮನೆ ಸೇರುವ ಮುಂಚೆಯೇ ಕಿತ್ತು ಬರುತ್ತದೆ. ಒಂದು ಒಳ್ಳೆಯ ಪುಸ್ತಕ ಕೊಡಿ. ಅದರಲ್ಲಿ ಉಳಿಸಿದ ದುಡ್ಡಿನಲ್ಲಿ ಬಂದ ಮಕ್ಕಳಿಗೆಲ್ಲ ಟೀ, ಖಾರಾ ಬನ್ ಕೊಡಿಸಬಹುದು.

ಹಸ್ತಾಂತರ

ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳು ಮುಂಚೆ ಇದನ್ನು ಮಾಡಿ. ಪರೀಕ್ಷೆ ಮುಗಿದ ಸಂಜೆ ಎಲ್ಲರೂ ಊರಿಗೆ ಹೊರಟುಬಿಡುತ್ತಾರೆ, ಪಾಸ್‌ಬುಕ್ಕು ಯಾರದೋ ಟ್ರಂಕಿನಲ್ಲಿ ಶಿರಾಕ್ಕೋ ಮಧುಗಿರಿಗೋ ಹೋಗಿಬಿಡುತ್ತದೆ. ಹಳಬರು, ಹೊಸಬರು ಎದುರುಬದುರು ಕೂತು, ಪುಸ್ತಕದ ಕೊನೆಯ ಮೊತ್ತವನ್ನೂ ಪಾಸ್‌ಬುಕ್ಕಿನ ಮೊತ್ತವನ್ನೂ ತಾಳೆ ನೋಡಲಿ. ರಸೀದಿ ಪುಸ್ತಕದಲ್ಲಿ ಉಳಿದ ಹಾಳೆ, ಸಂಘದ ಸೀಲು, ಬ್ಯಾನರ್, ಬೀರುವಿನ ಕೀ ಎಲ್ಲವನ್ನೂ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಲಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹಳೆಯ ಖಜಾಂಚಿ ಖುದ್ದು ಜೊತೆಗೆ ಹೋಗಬೇಕು. ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಅವರ ಊರು, ಮನೆಯವರ ಫೋನ್ ನಂಬರ್ ಬರೆಸಿಕೊಳ್ಳಿ. ಅವರ ಸ್ವಂತ ನಂಬರ್ ಕೆಲಸ ಸಿಕ್ಕ ತಿಂಗಳಿಗೇ ಬದಲಾಗಿರುತ್ತದೆ.