ಜಾತ್ರೆ ಟೂರ್ನಮೆಂಟ್‌ಗೆ ಟಗರು ಬಹುಮಾನ ಇಡುವ ಮುಂಚೆ

ಬ್ಯಾಡಗಿ ಕಡೆ ಜಾತ್ರೆ ಹತ್ತಿರ ಬಂತು ಅಂದರೆ ನಮ್ಮ ಹಟ್ಟಿಗೆ ಕಮಿಟಿ ಹುಡುಗರು ಬರುತ್ತಾರೆ. "ಕಾಕಾ, ಕಬಡ್ಡಿಗೆ ಫಸ್ಟ್ ಪ್ರೈಜ್ ಇಡಬೇಕು, ಚಲೋ ಟಗರು ತೋರ್ಸ್ರಿ." ಅವರಿಗೆ ನನ್ನ ಮೊದಲ ಪ್ರಶ್ನೆ: ಗೆದ್ದವರು ಅವತ್ತು ರಾತ್ರಿ ಇದನ್ನು ಎಲ್ಲಿ ಕಟ್ಟುತ್ತಾರೆ?

ಕಪ್ ಮತ್ತು ರೊಕ್ಕ ಇಡುವುದೇ ಒಳ್ಳೆಯದು. "ಟಗರು ಇಟ್ಟರೇ ಟೀಮ್ ಬರೋದು" ಅನ್ನುವವರು ಹೀಗೆ ಮಾಡಿ. ಬ್ಯಾನರ್‌ನಲ್ಲಿ ಟಗರಿನ ಫೋಟೋ ಹಾಕಿ, ಟಗರು ಹಟ್ಟಿಯಲ್ಲೇ ಇರಲಿ. ಗೆದ್ದ ತಂಡಕ್ಕೆ ವೇದಿಕೆ ಮೇಲೆ ಚೀಟಿ ಕೊಡಿ. ಸಾಕಲು ಜಾಗ ಇದ್ದವರು ಮರುದಿನ ಬಂದು ಒಯ್ಯಲಿ, ಉಳಿದವರು ಟಗರಿನ ಬೆಲೆಯಷ್ಟು ರೊಕ್ಕ ತಗೊಳ್ಳಲಿ. ಕುರಿ ಮಾರುವವರ ಜೊತೆ ಮುಂಗಡ ಕೊಡುವಾಗಲೇ ಈ ಮಾತು ಆಗಿರಬೇಕು.

ವೇದಿಕೆ ಪಕ್ಕ ಕಟ್ಟಿದ ಟಗರನ್ನು ಹತ್ತಿರ ಹೋಗಿ ನೋಡಿ. ಕುರಿ ಹಿಂಡಿನಲ್ಲಿ ಬದುಕುವ ಪ್ರಾಣಿ, ಒಂದೇ ಆದರೆ ಹೆದರುತ್ತದೆ. ಕಿವಿ ಪಕ್ಕದಲ್ಲೇ ಡಿಜೆ. ಹಣೆಗೆ ಎರಚಿದ ಭಂಡಾರ ಕಣ್ಣಿಗಿಳಿದು ನೀರು ಸುರಿಯುತ್ತಿರುತ್ತದೆ. ಬಂದವರೆಲ್ಲ ಪ್ರೀತಿಯಿಂದಲೇ ರೊಟ್ಟಿ, ಅನ್ನ, ಗೋವಿನಜೋಳ ತಿನ್ನಿಸುತ್ತಾರೆ. ಅದೇ ದೊಡ್ಡ ಅಪಾಯ. ಹುಲ್ಲು ತಿನ್ನುವ ಹೊಟ್ಟೆಗೆ ಕಾಳು, ಅನ್ನ ಒಮ್ಮೆಲೇ ಜಾಸ್ತಿ ಬಿದ್ದರೆ ಒಳಗೆ ಹುಳಿಯೇರುತ್ತದೆ. ಮೊದಲು ಮೆಲುಕು ನಿಲ್ಲುತ್ತದೆ. ಹೊಟ್ಟೆಯ ಎಡಭಾಗ ಉಬ್ಬುತ್ತದೆ. ಟಗರು ತಲೆ ಇಳಿಬಿಟ್ಟು ಹಲ್ಲು ಕಡಿಯುತ್ತದೆ, ಆಮೇಲೆ ಭೇದಿ. ಒಂದೆರಡು ದಿನದಲ್ಲಿ ಸತ್ತೇ ಹೋಗಬಹುದು. ಮೆಲುಕು ನಿಂತಿದ್ದು ಕಂಡ ಕೂಡಲೇ ಪಶು ಆಂಬುಲೆನ್ಸ್‌ನ 1962ಕ್ಕೆ ಫೋನ್ ಮಾಡಿ. ಬೆಳಗ್ಗೆ ನೋಡೋಣ ಅಂತ ಬಿಡಬೇಡಿ.

ಒಯ್ಯುವಾಗ ನಾಲ್ಕೂ ಕಾಲು ಕಟ್ಟಿ ಬೈಕಿನ ಟ್ಯಾಂಕ್ ಮೇಲೆ ಹಾಕಿಕೊಳ್ಳಬೇಡಿ. ಅಂಗಾತ ಬಿದ್ದ ಕುರಿಗೆ ತೇಗಲು ಆಗುವುದಿಲ್ಲ, ಹೊಟ್ಟೆಯಲ್ಲಿ ಗಾಳಿ ತುಂಬಿ ಉಸಿರು ಕಟ್ಟುತ್ತದೆ. ನೋವಾಗುವ ಹಾಗೆ ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ ಕೂಡ. ಗೂಡ್ಸ್ ಆಟೋದಲ್ಲಿ ಹುಲ್ಲು ಹಾಸಿ ನಿಲ್ಲಿಸಿಕೊಂಡು ಹೋಗಿ. ಕೊರಳಿಗೆ ಜಗ್ಗಿದಷ್ಟೂ ಬಿಗಿಯುವ ಗಂಟು ಬೇಡ.

ಮಾರಿದವರ ಹತ್ತಿರ ಪಿಪಿಆರ್ (ಕುರಿ, ಆಡಿಗೆ ಬರುವ ಅಂಟುರೋಗ) ಲಸಿಕೆ ಆಗಿದೆಯಾ, ಜಂತಿನ ಔಷಧಿ ಯಾವಾಗ ಕುಡಿಸಿದ್ದು, ಏನು ಮೇಯುತ್ತಿತ್ತು ಅಂತ ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ಬೇರೆ ಕುರಿ, ಆಡು ಇದ್ದರೆ ಎರಡು ಮೂರು ವಾರ ಇದನ್ನು ದೂರ ಕಟ್ಟಿ.

"ಹೆಂಗೂ ನಾಳೆ ಕೊಯ್ಯೋದು, ಇಷ್ಟೆಲ್ಲ ಯಾಕ ಕಾಕಾ?" ಅನ್ನುವವರಿದ್ದಾರೆ. ಕೊಯ್ಯುವವರೆಗೂ ಅದಕ್ಕೆ ನೀರಡಿಕೆ ಆಗುತ್ತದೆ, ಹೆದರಿಕೆ ಆಗುತ್ತದೆ. ಬಕೆಟ್ ನೀರು ಇಡಿ, ನೆರಳಿಗೆ ಕಟ್ಟಿ.

ಬಣ್ಣದ ಕೋಳಿಮರಿ, ರಿಂಗ್ ಎಸೆಯುವ ಆಟದ ಮೀನು ಮಾತ್ರ ಬೇಡವೇ ಬೇಡ. ಮೊದಲ ವಾರದ ಮರಿಗೆ 32ರಿಂದ 35 ಡಿಗ್ರಿ ಕಾವು ಬೇಕು, ಅದು ಮಗುವಿನ ಕೈಚೀಲದಲ್ಲಿ ಎಲ್ಲಿ ಸಿಗಬೇಕು? ಅಂಗಡಿ ಜಾಗ ಹಂಚುವ ದಿನವೇ ಕಮಿಟಿಯವರು ಷರತ್ತು ಹೇಳಿ, ಜೀವ ಇರುವ ಯಾವುದನ್ನೂ ಬಹುಮಾನಕ್ಕೆ ಇಡುವಂತಿಲ್ಲ ಅಂತ ರಸೀದಿ ಮೇಲೆ ಬರೆಸಿ. ಅಂಗಡಿ ಹಾಕಿ ಮಾಲು ಇಳಿಸಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.